ಎಡ ಮುಂದಿನ ಚಕ್ರ

ಜನವರಿ 12

ಮಗಳೇ,

ಹನ್ನೊಂದು ವರ್ಷದ ಹಿಂದೆ, ನವೆಂಬರ್ ಇಪ್ಪತ್ತೆರಡರ ಶನಿವಾರ, ನಮ್ಮೂರಿನ ಹಳೇ ಕಾರುಗಳ ಸಂಘದ ಮೂವರು ಒಂದು ಮೇಜಿನ ಸುತ್ತ ಕೂತು, ಒಬ್ಬ ಬಡಗಿಯ ಸಾವಿಗೆ ನಿನ್ನ ಅಪ್ಪನೇ ಕಾರಣನೆಂದು ಬರೆದು ಸಹಿ ಹಾಕಿದರು. ವರದಿ ಒಂದೇ ಪುಟ. ಬೀದಿದೀಪದ ಬಲ್ಬು ಬದಲಿಸುವುದಕ್ಕೂ ಪುರಸಭೆಯವರು ಅದಕ್ಕಿಂತ ಹೆಚ್ಚು ಕಾಗದ ಬರೆಯುತ್ತಾರೆ. ಅದರ ಮುಖ್ಯ ವಾಕ್ಯ ನನಗೆ ಬಾಯಿಪಾಠ: "ಎಡ ಮುಂದಿನ ಚಕ್ರದ ಬ್ರೇಕ್ ಶೂಗಳನ್ನು ಮೇಸ್ತ್ರಿಯು ಹಿಂದುಮುಂದಾಗಿ ಜೋಡಿಸಿದ್ದೇ ಅವಘಡಕ್ಕೆ ಕಾರಣ."

ಕಾರು ಹಲ್ಲಿನ ಡಾಕ್ಟರದು. ಹಸಿರು ಬಣ್ಣದ್ದು, ನನಗಿಂತ ಹಿರಿದು. ಬುಧವಾರ ನಾಲ್ಕೂ ಚಕ್ರಕ್ಕೆ ಹೊಸ ಶೂ ಹಾಕಿ ನಿನ್ನ ಅಪ್ಪ ಕಳುಹಿಸಿಕೊಟ್ಟ. ಭಾನುವಾರ ಸಂಘದ ಮೆರವಣಿಗೆಯಲ್ಲಿ, ಆಸ್ಪತ್ರೆ ರಸ್ತೆಯ ಇಳಿಜಾರಿನಲ್ಲಿ, ಬ್ರೇಕು ಹಿಡಿಯಲಿಲ್ಲ. ಪಾದಚಾರಿ ದಾರಿಯಲ್ಲಿ ನಿಂತು ನೋಡುತ್ತಿದ್ದ ಬಡಗಿ, ಡಾಕ್ಟರು ಓಡಿಸುತ್ತಿದ್ದ ಆ ಕಾರು ಗುದ್ದಿ ಅಲ್ಲೇ ಹೋದ. ನಿನ್ನ ಅಪ್ಪ ಒಂದು ಮಾತೂ ಎದುರಾಡದೆ ತಪ್ಪೊಪ್ಪಿಗೆಗೆ ಸಹಿ ಹಾಕಿದ, ನಾಲ್ಕು ತಿಂಗಳು ಜೈಲಿನಲ್ಲಿದ್ದು ಬಂದ, ಗ್ಯಾರೇಜಿನ ಬಾಗಿಲನ್ನು ಮತ್ತೆ ತೆಗೆಯಲಿಲ್ಲ. ನೀನು ಊರು ಬಿಟ್ಟೆ.

ಇದೆಲ್ಲ ನಿನಗೆ ಗೊತ್ತಿರುವುದೇ. ಈಗ ಬರೆಯಲು ಕಾರಣ ಒಂದು ಜಾಹೀರಾತು. ಪತ್ರಿಕೆಯಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದವನು ನಾನು, ಸಣ್ಣಕ್ಷರವನ್ನು ಓದದೆ ಬಿಡುವ ಅಭ್ಯಾಸವಿಲ್ಲ. "ಹಸಿರು ಕಾರು, ಎರಡು ಬಾಗಿಲು, ಹನ್ನೊಂದು ವರ್ಷದಿಂದ ಓಡಿಸಿಲ್ಲ, ಇದ್ದ ಹಾಗೇ ಮಾರಾಟಕ್ಕಿದೆ." ಅವಘಡದ ಮೇಲೆ ಕಾರಿನ ಸಮೇತ ಮಗಳ ಊರಿಗೆ ಹೋಗಿ ನೆಲೆಸಿದ್ದ ಡಾಕ್ಟರು ಹೋದ ವರ್ಷ ತೀರಿಕೊಂಡರು, ಮಾರುತ್ತಿರುವವಳು ಮಗಳು. ವಿಳಾಸ ನೋಡಿದರೆ ನಿನ್ನ ವರ್ಕ್‌ಶಾಪಿನಿಂದ ಎರಡು ಬೀದಿ ಆಚೆ.

"ಇದ್ದ ಹಾಗೇ" ಎಂಬ ಮಾತು ನನ್ನನ್ನು ಬಿಡುತ್ತಿಲ್ಲ. ಅಂದರೆ ಸಂಘದವರು ಅಂದು ತಪಾಸಣೆಗೆಂದು ಬಿಚ್ಚಿ ಮುಚ್ಚಿದ ಮೇಲೆ ಆ ಚಕ್ರವನ್ನು ಯಾರೂ ಬಿಚ್ಚಿಲ್ಲ. ಹಳೇ ಕಾರಿನ ಬ್ರೇಕು ಬಿಚ್ಚಿ ನೋಡಬಲ್ಲವರು ನಿನಗಿಂತ ಯಾರಿದ್ದಾರೆ? ಹೋಗಿ ನೋಡು. ನಿನ್ನ ಅಪ್ಪನ ಹೆಸರಿಗೆ ಅಂಟಿದ ಮಸಿಯನ್ನು ಅವನು ಇರುವಾಗಲೇ ತೊಳೆಯಬೇಕು. ಅವನಿಗೆ ಹೆಚ್ಚು ದಿನವಿಲ್ಲ.

ನೀನು ನನ್ನ ಕಾಗದಗಳಿಗೆ ಉತ್ತರ ಬರೆಯುವುದಿಲ್ಲವೆಂದು ಗೊತ್ತು. ಫೋನು ಮಾಡೋಣವೆಂದರೆ ಅಚ್ಚುಯಂತ್ರದ ಸದ್ದು ನನ್ನ ಕಿವಿಯನ್ನು ಎಂದೋ ತಿಂದುಹಾಕಿದೆ. ಆದ್ದರಿಂದ ಕಾಗದವೇ ಗತಿ.

ನಿನ್ನ ದೊಡ್ಡಪ್ಪ


ಫೆಬ್ರವರಿ 20

ದೊಡ್ಡಪ್ಪನವರಿಗೆ,

ನಿಮ್ಮ ಕಾಗದ ಬಂದು ಒಂದು ತಿಂಗಳಾಯಿತು. ಮೇಜಿನ ಮೇಲಿಟ್ಟುಕೊಂಡು ದಿನಾ ನೋಡುತ್ತಿದ್ದೇನೆ.

ನೀವು ಅಂದು ಅಪ್ಪನಿಗೆ ಏನು ಹೇಳಿದಿರಿ ಎಂದು ನೆನಪಿದೆಯೇ? ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. "ತಪ್ಪಾಗಿದ್ರೆ ಒಪ್ಕೊಂಡುಬಿಡೋ, ಮರ್ಯಾದೆಯಾದ್ರೂ ಉಳಿಯುತ್ತೆ" ಅಂದಿರಿ. ಅಪ್ಪ "ಆಯ್ತಣ್ಣ" ಅಂದರು. ಊರಿಗೆಲ್ಲ ನ್ಯಾಯ ಕೇಳುವವರು ನೀವು. ನೀರಿನ ಪೈಪು ಒಡೆದರೆ ಮಂತ್ರಿಗೆ ಬರೆಯುತ್ತಿದ್ದಿರಿ. ಅಪ್ಪನ ವಿಷಯಕ್ಕೆ ಮಾತ್ರ ಒಂದು ಗೆರೆ ಬರೆಯಲಿಲ್ಲ.

ಆ ಕಾರಿನ ಸುದ್ದಿ ಬೇಡ. ನೀವು ಏನು ಕೇಳುತ್ತಿದ್ದೀರಿ ಎಂದು ನಿಮಗೇ ಗೊತ್ತಿಲ್ಲ.

ಅಪ್ಪನ ಆರೋಗ್ಯ ಹೇಗಿದೆ? ಅಷ್ಟನ್ನು ಬರೆಯಿರಿ.

ನಿಮ್ಮ ತಮ್ಮನ ಮಗಳು


ಫೆಬ್ರವರಿ 27

ಮಗಳೇ,

ಬೈದರೂ ಪರವಾಗಿಲ್ಲ, ಬರೆದೆಯಲ್ಲ.

ಅಪ್ಪನಿಗೆ ಬಲಗಡೆ ಸ್ವಾಧೀನವಿಲ್ಲ. ಲಕ್ವ ಹೊಡೆದು ಇಂದಿಗೆ ಏಳು ತಿಂಗಳು. ನನ್ನ ಮನೆಯ ಮುಂಗೋಣೆಯಲ್ಲಿ, ಕಿಟಕಿಯ ಪಕ್ಕ ಮಂಚ ಹಾಕಿದ್ದೇನೆ. ಮಾತು ತೊದಲು, ಕೇಳುವವನು ಕಿವುಡ. ನಾನು ಕಿವಿಯನ್ನು ಅವನ ಬಾಯಿಗೆ ತಾಗಿಸಿಕೊಂಡು ಕೂರುತ್ತೇನೆ. ನೋಡಿದವರು ಅಣ್ಣತಮ್ಮ ಗುಟ್ಟು ಹೇಳಿಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಕು. ನಿನ್ನೆ ಅಷ್ಟು ಹೊತ್ತು ಒದ್ದಾಡಿ ಅವನು ಹೇಳಿದ್ದು, "ಫ್ಯಾನ್ ಬೇರಿಂಗ್ ಹೋಗಿದೆ." ತಿರುಗುವ ಫ್ಯಾನಿನ ಸದ್ದು ನನಗೆಲ್ಲಿ ಕೇಳಬೇಕು. ಎಲೆಕ್ಟ್ರಿಷಿಯನ್ ಬಂದು ನೋಡಿದ, ಹೋಗಿತ್ತು.

ಎಡಗೈ ಸುಮ್ಮನಿರುವುದಿಲ್ಲ. ಹೊದಿಕೆಯ ಅಂಚನ್ನು ಹಿಡಿದು ಏನನ್ನೋ ಬಿಗಿ ಮಾಡುತ್ತಲೇ ಇರುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ: ನೆನಪಿದೆ. ಅದಕ್ಕಿಂತ ಕೆಟ್ಟದ್ದೊಂದಿದೆ, ಅದು ನಿನಗೆ ಗೊತ್ತಿಲ್ಲ. ಸಂಘದ ವರದಿ ಪತ್ರಿಕೆಗೆ ಬಂದಾಗ ಅದರ ಕರಡು ನನ್ನ ಮೇಜಿಗೇ ಬಂತು. ಸಂಪಾದಕರು "ಬೇರೆಯವರಿಗೆ ಕೊಡಲೇ?" ಎಂದು ಕೇಳಿದರು. ನಾನು ಬೇಡವೆಂದೆ. ನಿಷ್ಪಕ್ಷಪಾತಿ ಎನಿಸಿಕೊಳ್ಳುವ ಚಟ. ಎರಡು ಅಲ್ಪವಿರಾಮ ಹಾಕಿ, ಒಂದು ವಾಕ್ಯವನ್ನು ನೇರ ಮಾಡಿ, ಅಚ್ಚಿಗೆ ಕಳುಹಿಸಿದೆ. ನನ್ನ ತಮ್ಮನ ಮೇಲಿನ ಆರೋಪವನ್ನು ಊರಿನ ಜನ ಓದಿದ್ದು ನನ್ನ ಕೈಯಲ್ಲಿ ಶುದ್ಧವಾದ ಕನ್ನಡದಲ್ಲಿ.

ನನ್ನ ಮಾತು ಕೇಳಿ ಅವನು ಸಹಿ ಹಾಕಿದನೆಂದೇ ಇಷ್ಟು ವರ್ಷ ನಂಬಿದ್ದೇನೆ. ಆ ಚಕ್ರವನ್ನು ಬಿಚ್ಚಿಸು ಎಂದು ನಾನು ಕೇಳುವುದರಲ್ಲಿ ನನ್ನ ಸ್ವಾರ್ಥವೂ ಇದೆ. ನೋಡದೆ ಇರಲಾರೆ.

ದೊಡ್ಡಪ್ಪ


ಮಾರ್ಚ್ 19

ದೊಡ್ಡಪ್ಪ,

ಅಪ್ಪ ನಿಮ್ಮ ಮಾತು ಕೇಳಿ ಸಹಿ ಹಾಕಲಿಲ್ಲ. ಆ ಭಾರವನ್ನು ನೀವು ಇಳಿಸಿಕೊಳ್ಳಬಹುದು.

ಆ ಚಕ್ರದ ಕೆಲಸ ಮಾಡಿದವಳು ನಾನು.

ನಿಮಗೆ ಯಂತ್ರದ ವಿಷಯ ತಿಳಿಯದು, ಬಿಡಿಸಿ ಬರೆಯುತ್ತೇನೆ. ಚಕ್ರದ ಹಿಂದೆ ಕಬ್ಬಿಣದ ಬೋಗುಣಿಯಂಥದ್ದು ಇರುತ್ತದೆ, ಅದು ಡ್ರಮ್ಮು. ಅದರೊಳಗೆ ಅರ್ಧಚಂದ್ರದ ಹಾಗೆ ಎರಡು ಶೂ. ಅವುಗಳ ಬೆನ್ನಿಗೆ ಒರಟಾದ ಪಟ್ಟಿ ಕೂರಿಸಿರುತ್ತಾರೆ. ಪೆಡಲ್ ತುಳಿದರೆ ಎರಡೂ ಶೂ ಅಗಲವಾಗಿ ಪಟ್ಟಿ ಡ್ರಮ್ಮನ್ನು ಉಜ್ಜಿ ಹಿಡಿಯುತ್ತದೆ. ಆ ಕಾರಿನಲ್ಲಿ ಒಂದು ಶೂವಿನ ಪಟ್ಟಿ ಗಿಡ್ಡ, ಅದು ಮುಂದಕ್ಕೆ. ಇನ್ನೊಂದರದು ಉದ್ದ, ಅದು ಹಿಂದಕ್ಕೆ. ಅದಲುಬದಲಾದರೆ ಹಿಡಿತ ಕಡಿಮೆಯಾಗುತ್ತದೆ. ಕಲಿಯುವವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಅದು.

ನನಗೆ ಆಗ ಹತ್ತೊಂಬತ್ತು. ಅಪ್ಪ ಮೂರು ಚಕ್ರ ತಾವು ಮಾಡಿ ನಾಲ್ಕನೆಯದರ ಮುಂದೆ ನನ್ನನ್ನು ಕೂರಿಸಿದರು. "ಇದು ನಿಂದು. ನಾನು ಇಣುಕೋದಿಲ್ಲ, ನೀನು ಕರೀಬೇಡ" ಅಂದರು. ಹೇಳಿದಂತೆ ಇಣುಕಲಿಲ್ಲ. ನಾನು ಡ್ರಮ್ಮು ಮುಚ್ಚಿದ ಮೇಲೆ ಬಂದು ಚಕ್ರ ತಿರುಗಿಸಿ ನೋಡಿದರು, ಪೆಡಲ್ ತುಳಿದು ನೋಡಿದರು, "ಇನ್ನು ನಾನು ಮನೇಲಿ ಮಲಗಬಹುದು" ಅಂದರು. ಅವರು ಹೊಗಳುತ್ತಿದ್ದುದೇ ಹಾಗೆ.

ವರದಿ ಬಂದ ದಿನ ನಾನು ಅಪ್ಪನ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಪೊಲೀಸರು ಬಂದಾಗ "ನಾಲ್ಕೂ ಚಕ್ರ ನಾನೇ ಮಾಡಿದ್ದು" ಅಂದರು. ನಾನು ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಅವರು ಜೈಲಿನಿಂದ ಬಂದ ಮೇಲೂ ನಾವಿಬ್ಬರೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಊಟಕ್ಕೆ ಎದುರೆದುರು ಕೂರುವುದು ಕಷ್ಟವಾಯಿತು. ನಾನು ಹೊರಟೆ.

ಇಲ್ಲಿಗೆ ಬಂದ ಮೇಲೆ ನೂರಾರು ಬ್ರೇಕು ಮಾಡಿದ್ದೇನೆ. ಮುಚ್ಚುವ ಮುಂಚೆ ಪ್ರತಿ ಸಲ ಮೂರು ಬಾರಿ ನೋಡುತ್ತೇನೆ. ಜೊತೆಯವರು ನಗುತ್ತಾರೆ: "ಏನಕ್ಕಾ, ಮುಚ್ಚಳ ಹಾಕೋಕೆ ಮುಹೂರ್ತ ಬೇಕಾ?"

ಈಗ ಹೇಳಿ, ಆ ಡ್ರಮ್ಮು ಬಿಚ್ಚಲೇ? ಒಳಗಿರುವುದು ನನ್ನ ತಪ್ಪೇ ಆಗಿದ್ದರೆ, ಅಪ್ಪನ ಹೆಸರು ತೊಳೆಯುವುದು ಒಂದೇ ರೀತಿಯಲ್ಲಿ. ಅದನ್ನು ಅಪ್ಪ ಒಪ್ಪುತ್ತಾರೆಯೇ?

ಮಗಳು


ಮಾರ್ಚ್ 26

ಮಗಳೇ,

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿಲ್ಲ. ನಾನೇ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಹತ್ತೊಂಬತ್ತು ವರ್ಷದ ಹುಡುಗಿ ಇದನ್ನು ಹೊತ್ತುಕೊಂಡು ಬಸ್ಸು ಹತ್ತಿದಳು. ನಾನು ನಿಲ್ದಾಣಕ್ಕೆ ಬಂದು, "ಊರಿಗೆ ಹೆದರಿ ಓಡಿಹೋಗ್ತಿದೀಯಾ?" ಎಂದು ಕೇಳಿದೆ. ನೀನು ಕಿಟಕಿಯ ಗಾಜು ಏರಿಸಿಕೊಂಡೆ.

ಬಿಚ್ಚು ಎಂದು ಇನ್ನು ಹೇಳಲಾರೆ. ಬೇಡವೆಂದೂ ಹೇಳಲಾರೆ. ನಿನ್ನ ಅಪ್ಪನಿಗೆ ನಿನ್ನೆ ಸುಮ್ಮನೆ ಕೇಳಿದೆ, "ಮಗಳು ಕೆಲಸದಲ್ಲಿ ಹೇಗೆ?" ಎಂದು. ತುಂಬ ಹೊತ್ತು ತೆಗೆದುಕೊಂಡು ಎರಡು ಪದ ಹೇಳಿದ: "ನನಗಿಂತ ಚೆನ್ನ."

ದೊಡ್ಡಪ್ಪ


ಏಪ್ರಿಲ್ 14

ದೊಡ್ಡಪ್ಪ,

ಭಾನುವಾರ ಬಿಚ್ಚಿದೆ.

ಡಾಕ್ಟರ ಮಗಳಿಗೆ ನಾನು ಯಾರ ಮಗಳೆಂದು ಮೊದಲೇ ಹೇಳಿದೆ. ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಅವರು, "ಅಪ್ಪ ಈ ಕಾರನ್ನ ಓಡಿಸ್ಲೂ ಇಲ್ಲ, ಮಾರ್ಲೂ ಇಲ್ಲ. ಟಾರ್ಪಾಲು ಸರಿಸಿದ್ರೆ ರೇಗ್ತಿದ್ರು. ಯಾಕೆ ಅಂತ ನನಗೂ ಗೊತ್ತಾಗ್ಬೇಕು" ಎಂದು ಶೆಡ್ಡಿನ ಬೀಗ ತೆಗೆದರು.

ಮೊದಲು ಬಲ ಮುಂದಿನ ಚಕ್ರ ಬಿಚ್ಚಿದೆ. ಅಪ್ಪ ಕಲಿಸಿದ್ದು ಹಾಗೆ: ಎರಡು ಕಡೆಯನ್ನೂ ಒಟ್ಟಿಗೆ ಬಿಚ್ಚಬಾರದು, ಅನುಮಾನ ಬಂದರೆ ನೋಡಿಕೊಳ್ಳಲು ಸರಿಯಿರುವುದೊಂದು ಎದುರಿಗಿರಬೇಕು. ಡ್ರಮ್ಮು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ಹೊರತೆಗೆದೆ. ದೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಳಗೆ ಅಪ್ಪನ ಕೈಕೆಲಸ ನಿನ್ನೆ ಮಾಡಿದಂತೆ ಇತ್ತು. ಗಿಡ್ಡ ಪಟ್ಟಿ ಮುಂದೆ, ಉದ್ದದ್ದು ಹಿಂದೆ, ಪಟ್ಟಿಯನ್ನು ಶೂವಿಗೆ ಬಿಗಿದ ಹಿತ್ತಾಳೆಯ ರಿವೆಟ್ ಮೊಳೆಗಳು ಸಾಲಾಗಿ. ಅಪ್ಪ ಪಟ್ಟಿಗೆ ಅಂಟು ಹಾಕಿದವರೇ ಅಲ್ಲ. "ಅಂಟು ಮುನಿಸಿಕೊಳ್ಳುತ್ತೆ, ರಿವೆಟ್ ಮುನಿಸಿಕೊಳ್ಳಲ್ಲ" ಎನ್ನುತ್ತಿದ್ದರು.

ಆಮೇಲೆ ಎಡಗಡೆಗೆ ಬಂದು ಕೂತೆ. ಡಾಕ್ಟರ ಮಗಳು ಟಾರ್ಚು ಹಿಡಿದಿದ್ದರು.

ಶೂಗಳು ಹಿಂದುಮುಂದಾಗಿವೆ, ಅದು ನಿಜ. ಆದರೆ ಅವು ನನ್ನ ಶೂಗಳಲ್ಲ.

ರಿವೆಟ್ಟೇ ಇಲ್ಲ. ಲೋಹದ ಮೇಲೆ ಕಾರ್ಖಾನೆಯ ಮುದ್ರೆ ಒತ್ತಿದೆ. ಕಾರು ಹುಟ್ಟಿದ ಕಾಲದ ಮೂಲ ಶೂಗಳು ಅವು, ಅಂಟಿನಲ್ಲಿ ಕೂರಿಸಿದ ಪಟ್ಟಿ. ಅಷ್ಟು ವರ್ಷದಲ್ಲಿ ಅಂಟು ಒಣಗಿ ಬಿಸ್ಕತ್ತಿನಂತಾಗಿದೆ. ಒಂದು ಪಟ್ಟಿ ಪೂರ್ತಿ ಕಳಚಿ ಎರಡು ತುಂಡಾಗಿ ಡ್ರಮ್ಮಿನ ತಳದಲ್ಲಿ ಬಿದ್ದಿದೆ. ಪಟ್ಟಿ ಕಳಚಿದ ಮೇಲೆ ಪೆಡಲ್ ತುಳಿದಾಗ ಶೂ ಸರಿಯಬೇಕಾದ್ದಕ್ಕಿಂತ ದೂರ ಸರಿದಿದೆ. ಹಿಂದಿನಿಂದ ಅದನ್ನು ತಳ್ಳುವ ಪಿಸ್ಟನ್ ತನ್ನ ಸಿಲಿಂಡರಿನಿಂದಲೇ ಹೊರಬಂದಿದೆ. ಬ್ರೇಕಿನ ಎಣ್ಣೆಯೆಲ್ಲ ಅಲ್ಲಿಂದ ಸುರಿದುಹೋಗಿದೆ. ಎಣ್ಣೆ ಹೋದರೆ ಆ ಕಾಲದ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ. ಶೂ ಹಿಂದುಮುಂದಾದ ಮಾತ್ರಕ್ಕೆ ಹೀಗಾಗುವುದಿಲ್ಲ.

ನನ್ನ ಶೂಗಳು ಎಲ್ಲಿ ಎಂದು ಕೇಳಿದೆ. ಕೇಳಿದ್ದು ಯಾರನ್ನು ಎಂದು ನನಗೇ ಗೊತ್ತಿಲ್ಲ. ಅವರು ಡಿಕ್ಕಿ ತೆಗೆದರು. ಜಾಕಿನ ಕೆಳಗೆ ಒಂದು ತಗಡಿನ ಡಬ್ಬಿ. ಅದರೊಳಗೆ ಪತ್ರಿಕೆಯಲ್ಲಿ ಸುತ್ತಿಟ್ಟ ಎರಡು ಶೂ. ಹಿತ್ತಾಳೆ ರಿವೆಟ್, ಸವೆತವೇ ಇಲ್ಲದ ಪಟ್ಟಿ. ಐದನೇ ರಿವೆಟ್ಟಿನ ಪಕ್ಕ ನನ್ನ ಡ್ರಿಲ್ಲು ಜಾರಿದ ಗೀರು ಇದೆ. ಅಂದು ಅದನ್ನು ನೋಡಿ ನಾನು ಮುಖ ಸಪ್ಪೆ ಮಾಡಿಕೊಂಡಾಗ ಅಪ್ಪ, "ಇರ್ಲಿ, ಇದೇ ನಿನ್ನ ಸಹಿ" ಅಂದಿದ್ದರು.

ಸುತ್ತಿದ್ದ ಪತ್ರಿಕೆ ನಿಮ್ಮದೇ. ನವೆಂಬರ್ ಹದಿನೈದರದು. ನಾವು ಕಾರು ಕಳುಹಿಸಿದ್ದು ಹನ್ನೆರಡಕ್ಕೆ.

ಯಾರೋ ನನ್ನ ಶೂಗಳನ್ನು ತೆಗೆದು, ನಾವು ಬಿಚ್ಚಿ ವಾಪಸ್ ಕೊಟ್ಟಿದ್ದ ಹಳೆಯದನ್ನು ಹಾಕಿದ್ದಾರೆ. ಯಾಕೆ ಎಂಬುದು ತಿಳಿಯುತ್ತಿಲ್ಲ. ಹೊಸದಾಗಿ ಮಾಡಿದ ಬ್ರೇಕನ್ನು ತೆಗೆದು ಸತ್ತ ಶೂ ಹಾಕುವ ಹುಚ್ಚು ಯಾರಿಗಿರುತ್ತದೆ?

ಈ ಕಾಗದವನ್ನು ಅಪ್ಪನಿಗೆ ಓದಿ. ಎಲ್ಲವನ್ನೂ ಓದಿ.

ಮಗಳು


ಏಪ್ರಿಲ್ 19

ಮಗಳೇ,

ಆ ಹುಚ್ಚು ಯಾರದೆಂದು ನನಗೆ ಗೊತ್ತು. ಅದಕ್ಕೆ ಉತ್ತರ ಹನ್ನೊಂದು ವರ್ಷದಿಂದ ನನ್ನ ಕಪಾಟಿನಲ್ಲಿತ್ತು.

ಸಂಘ ಹೊರತರುವ ವಾರ್ತಾಪತ್ರದ ಆ ವರ್ಷದ ಡಿಸೆಂಬರ್ ಸಂಚಿಕೆ ಅಚ್ಚಾದದ್ದು ನಮ್ಮ ಮುದ್ರಣಾಲಯದಲ್ಲಿ. ಒಂದು ಪ್ರತಿ ಇಟ್ಟುಕೊಂಡಿದ್ದೆ. ಮೆರವಣಿಗೆಗೆ ಮುಂಚೆ ಅವರಲ್ಲಿ ಸ್ಪರ್ಧೆಯಿರುತ್ತದೆ: ಯಾರ ಕಾರು ಹುಟ್ಟಿದಾಗ ಇದ್ದ ಹಾಗೇ ಇದೆ ಎಂದು. ಪ್ರತಿಯೊಬ್ಬರೂ ಎಡ ಮುಂದಿನ ಚಕ್ರವನ್ನು ಬಿಚ್ಚಿಟ್ಟು ತೀರ್ಪುಗಾರರಿಗೆ ತೋರಿಸಬೇಕು, ಅದು ಅವರ ಪದ್ಧತಿ. ಡಾಕ್ಟರ ಕಾರಿನ ಸಾಲಿನಲ್ಲಿ ಹೀಗಿದೆ: "ಬ್ರೇಕ್: ಕಾರ್ಖಾನೆಯ ಮೂಲ ಶೂಗಳು, ಅಂಟುಪಟ್ಟಿ ಸಹಿತ. ಹತ್ತಕ್ಕೆ ಹತ್ತು." ಕೆಳಗೆ ತೀರ್ಪುಗಾರರಾಗಿ ಸಂಘದ ಅಧ್ಯಕ್ಷರಾದ ವಕೀಲರ ಸಹಿ. ಆರು ದಿನದ ಮೇಲೆ ನಿನ್ನ ಅಪ್ಪನ ಮೇಲೆ ವರದಿ ಬರೆದವರಲ್ಲಿ ಮೊದಲ ಸಹಿಯೂ ಅದೇ ವಕೀಲರದು.

ಹತ್ತು ಅಂಕಕ್ಕಾಗಿ, ಮಗಳೇ.

ಅಕ್ಷರ ಬಲ್ಲವನು ನಾನು, ಆ ಪುಟದ ಕರಡನ್ನೂ ತಿದ್ದಿದವನು. ಅರ್ಥ ಗೊತ್ತಿದ್ದವಳು ನೀನು. ನಾವಿಬ್ಬರೂ ಮಾತಾಡುತ್ತಿದ್ದರೆ ಇದು ಒಂದು ಸಂಜೆಯ ಕೆಲಸ.

ನಿನ್ನ ಅಪ್ಪನಿಗೆ ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದ. ನಿದ್ದೆ ಹೋದನೆಂದು ನಿಲ್ಲಿಸಿದರೆ ಎಡಗೈಯಲ್ಲಿ ಮಂಚ ತಟ್ಟಿದ. ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು, "ಅವಳಿಗೆ ಹೇಳಿದ್ಯಾ?" ಅಂದ. "ಅವಳದೇ ಕಾಗದ ಕಣೋ, ಬಿಚ್ಚಿದ್ದೇ ಅವಳು" ಎಂದೆ. ಮತ್ತೆ ಮತ್ತೆ ಅದನ್ನೇ ಹೇಳಿಸಿಕೊಂಡ. ಆಮೇಲೆ, "ಹಾಗಾದ್ರೆ ಬರ್ತಾಳೆ" ಅಂದ.

ಈಗ ಗಮನವಿಟ್ಟು ಕೇಳು. ಸಂಘಕ್ಕೆ ರಿಜಿಸ್ಟರ್ಡ್ ಪತ್ರ ಕಳುಹಿಸಿದ್ದೇನೆ: ನಿಮ್ಮವರು ಬಂದು ಸಾಕ್ಷಿಗಳ ಎದುರು ನೋಡಲಿ ಎಂದು. ಅಲ್ಲಿಯವರೆಗೆ ಏನೊಂದೂ ಅಲುಗಾಡಬಾರದು. ತುಂಡಾದ ಪಟ್ಟಿ ಬಿದ್ದಲ್ಲೇ ಇರಲಿ. ಶೆಡ್ಡಿನ ಬೀಗದ ಕೈ ನಿನ್ನ ಹತ್ತಿರವಿರಲಿ, ನೀನು ಅಲ್ಲೇ ಇರು. ನೀನು ಒಂದು ದಿನ ಈಚೆ ಬಂದರೂ ಸಾಕು, "ಅವಳೇ ಹೋಗಿ ಬದಲಾಯಿಸಿದಳು, ಅವಳಿಲ್ಲದಾಗ ಇನ್ನೊಬ್ಬರು ಬದಲಾಯಿಸಿದರು" ಎಂದು ನೂರು ಕಥೆ ಹುಟ್ಟುತ್ತವೆ. ಎದುರಿಗಿರುವವನು ವಕೀಲ.

ದೊಡ್ಡಪ್ಪ


ಏಪ್ರಿಲ್ 24

ದೊಡ್ಡಪ್ಪ,

ಬೀಗದ ಕೈ ನನ್ನ ಹತ್ತಿರವಿದೆ. ಡಾಕ್ಟರ ಮಗಳು ಅದನ್ನು ತಾವಾಗಿಯೇ ಕೊಟ್ಟರು. "ಅಂಕದ ವಿಷಯ ಮನೆಯಲ್ಲಿ ಎಲ್ರಿಗೂ ಗೊತ್ತಿತ್ತು. ಶೂ ಅಂದ್ರೆ ಏನು ಅಂತ ಮಾತ್ರ ಯಾರಿಗೂ ಗೊತ್ತಿರ್ಲಿಲ್ಲ" ಎಂದರು. ಸಾಕ್ಷಿ ಹೇಳಲು ಒಪ್ಪಿದ್ದಾರೆ.

ಮೇ ಮೂರರ ಭಾನುವಾರ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ವಾಪಸಾಗಲೇ? ಬೀಗದ ಕೈಯನ್ನು ವರ್ಕ್‌ಶಾಪಿನ ಯಜಮಾನರ ಕೈಗೆ ಕೊಟ್ಟು ಬರುತ್ತೇನೆ. ಅಪ್ಪನ ಹತ್ತಿರ ಅರ್ಧ ಗಂಟೆ ಕೂತರೆ ಸಾಕು. ಏನು ಮಾತಾಡುತ್ತೇನೋ ಗೊತ್ತಿಲ್ಲ. ಆ ಶೂ ಒಂದನ್ನು ತಂದು ಅವರ ಎಡಗೈಗೆ ಕೊಡಬೇಕು ಅನಿಸುತ್ತಿದೆ.

ಮಗಳು


ಏಪ್ರಿಲ್ 28

ಮಗಳೇ,

ಬೇಡ. ಇನ್ನು ಕೆಲವೇ ದಿನ.

ಸಂಘದಿಂದ ಉತ್ತರ ಬಂದಿದೆ: ಮೇ ಆರರಂದು ಇಬ್ಬರನ್ನು ಕಳುಹಿಸುತ್ತಾರಂತೆ. ಆ ಶೂಗಳು ಶೆಡ್ಡಿನಿಂದ ಆಚೆ ಬರಲೇಕೂಡದು, ಅದೇ ನಮ್ಮ ಜೀವಾಳ. ಇಷ್ಟು ವರ್ಷ ಕಾದವರು ಎಂಟು ದಿನ ಕಾಯಲಾರೆವೇ? ಆರನೇ ತಾರೀಖು ಅವರ ಸಹಿ ಮಾಡಿಸಿಕೊಂಡು ಏಳಕ್ಕೆ ಬಂದುಬಿಡು. ಗೆದ್ದು ಬಾ.

ನಿನ್ನ ಅಪ್ಪ ದಿನಾ ಬೆಳಗ್ಗೆ ಗಡ್ಡ ಮಾಡಿಸು ಎನ್ನುತ್ತಿದ್ದಾನೆ. ವಾರಕ್ಕೊಮ್ಮೆ ಬರುತ್ತಿದ್ದ ಕ್ಷೌರಿಕ ಈಗ ದಿನ ಬಿಟ್ಟು ದಿನ ಬರುತ್ತಾನೆ. "ಏನ್ ಮೇಸ್ತ್ರಿ, ಹೆಣ್ಣು ನೋಡೋಕೆ ಹೊರಟಿದೀರಾ?" ಎಂದು ಅವನ ತಮಾಷೆ. ಕಿಟಕಿಯ ಕಡೆಗೆ ಮುಖ ಮಾಡಿ ಕೂರಿಸು ಎನ್ನುತ್ತಾನೆ. ಬಸ್ಸು ಬರುವ ಹೊತ್ತು ಅವನಿಗೆ ಗೊತ್ತು.

ದೊಡ್ಡಪ್ಪ


ಮೇ 21

ದೊಡ್ಡಪ್ಪ,

ನಾನು ಇಲ್ಲಿಗೆ ವಾಪಸಾಗಿ ಎರಡು ವಾರವಾಯಿತು. ಕೆಲಸಕ್ಕೆ ಹೋಗುತ್ತಿದ್ದೇನೆ.

ಮೇ ನಾಲ್ಕರ ಮಧ್ಯಾಹ್ನ ನಿಮ್ಮ ಪಕ್ಕದ ಮನೆಯವರು ಫೋನು ಮಾಡಿದಾಗ ನಾನು ಶೆಡ್ಡಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದೆ. ನೀವು ಹೇಳಿದ ಹಾಗೆ.

ಸಂಜೆ ನಾನು ಬಂದು ಅಪ್ಪನ ಮುಖ ಕೊನೆಯದಾಗಿ ನೋಡಿದಾಗ ನೀವು ಗೋಡೆಯ ಕಡೆ ತಿರುಗಿ ನಿಂತಿರಿ. ಈ ಕಾಗದ ಅದಕ್ಕಾಗಿಯೇ. ನನ್ನನ್ನು ತಡೆದವರು ನೀವೆಂದು ನೀವು ಕೊರಗುತ್ತಿದ್ದೀರಿ. ತಡೆದದ್ದು ನಿಜ. ನಾನು ಕೇಳದೆ ಬಂದುಬಿಡಬಹುದಿತ್ತು, ಅದೂ ನಿಜ. ಹನ್ನೊಂದು ವರ್ಷದಲ್ಲಿ ಯಾವ ಭಾನುವಾರ ಬೇಕಾದರೂ ಬರಬಹುದಿತ್ತು. ಇಬ್ಬರೂ ಸಾಕ್ಷಿ ಕಾಯುತ್ತ ಕೂತೆವು.

ಸಂಘದವರು ಆರನೇ ತಾರೀಖು ಬರಲಿಲ್ಲ. ಹನ್ನೆರಡಕ್ಕೆ ಒಂದು ಪತ್ರ ಕಳುಹಿಸಿದ್ದಾರೆ, ಜೊತೆಗಿಟ್ಟಿದ್ದೇನೆ. "ಸಂಬಂಧಪಟ್ಟ ಮೇಸ್ತ್ರಿಯವರು ನಿಧನರಾದ ಕಾರಣ ಹಾಗೂ ಅವರು ಅಂದೇ ತಪ್ಪೊಪ್ಪಿಕೊಂಡಿದ್ದ ಕಾರಣ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ."

ನಾನು ಬಡಗಿಯ ಹೆಂಡತಿಯ ಮನೆಗೆ ಹೋಗಿದ್ದೆ. ಊರಿಗೆ ಬಂದಾಗಲೇ, ಮೂರನೇ ದಿನ. ನಿಮಗೆ ಹೇಳಲಿಲ್ಲ. ಅವರು ಬಟ್ಟೆ ಹೊಲಿಯುತ್ತ ಕೂತಿದ್ದರು. ನಾನು ಯಾರೆಂದು ಹೇಳಿದೆ. ಯಂತ್ರದ ಮೇಲಿನ ಕಾಲು ನಿಂತಿತು. ಎಲ್ಲ ಹೇಳಿ ಮುಗಿಸಿದ ಮೇಲೆ ಅವರು, "ನಿಮ್ಮಪ್ಪ ಜೈಲಿಂದ ಬಂದ ವಾರ ಇಲ್ಲಿಗೆ ಬಂದಿದ್ರು. ನಾನು ಮುಖದ ಮೇಲೆ ಬಾಗಿಲು ಹಾಕ್ದೆ. ಆಚೆ ಎಷ್ಟೊತ್ತು ನಿಂತಿದ್ರೋ" ಎಂದರು. ಹೊಲಿಗೆಯ ದಾರ ಕತ್ತರಿಸಿ, "ಈಗ ನಾನು ಯಾರ ಮೇಲೆ ಸಿಟ್ಟು ಮಾಡ್ಲಮ್ಮ? ಒಬ್ರು ಇದ್ರು, ಅವ್ರೂ ಅಲ್ಲ ಅಂತೀಯ" ಎಂದರು.

ಅದಕ್ಕೆ ಉತ್ತರ ಯಾರ ಹತ್ತಿರ ಇದೆಯೋ ಅವರು ವಿಷಯ ಮುಕ್ತಾಯ ಮಾಡಿದ್ದಾರೆ.

ನೀವು ಬರೆಯಿರಿ. ಆ ಚಕ್ರದ ಕೆಲಸ ನನ್ನದೆಂದು ಬರೆಯಿರಿ. ಅಪ್ಪ ಮುಚ್ಚಿಟ್ಟದ್ದನ್ನು ಇನ್ನು ಮುಚ್ಚಿಡುವ ಅಗತ್ಯವಿಲ್ಲ.

ಮಗಳು


ಜೂನ್ 8

ಮಗಳೇ,

ಬರೆದಿದ್ದೇನೆ. ಪತ್ರಿಕೆಗೆ ಕೊಟ್ಟಿದ್ದೇನೆ, ಪ್ರತಿ ಜೊತೆಗಿದೆ. ಈ ಸಲ ಕರಡನ್ನು ನಾನು ತಿದ್ದುವುದಿಲ್ಲ.

ಅವನ ಕೊನೆಯ ಬೆಳಗ್ಗೆ ಕ್ಷೌರಿಕ ಬಂದು ಹೋಗಿದ್ದ. ಅದನ್ನು ನಿನಗೆ ಹೇಳಲೋ ಬೇಡವೋ ಎಂದು ಒಂದು ತಿಂಗಳು ಯೋಚಿಸಿದೆ.

ದೊಡ್ಡಪ್ಪ


ಜೂನ್ 8

ಹಳೇ ಕಾರುಗಳ ಸಂಘದ ಅಧ್ಯಕ್ಷರಿಗೆ, ಎಲ್ಲರೂ ಓದಲೆಂದು,

ಸ್ವಾಮಿ,

ಸತ್ತವನು ಒಪ್ಪಿಕೊಂಡಿದ್ದಾನೆ, ಆದ್ದರಿಂದ ವಿಷಯ ಮುಗಿಯಿತು ಎಂದು ಬರೆದಿದ್ದೀರಿ. ಅವನು ಯಾಕೆ ಒಪ್ಪಿಕೊಂಡನೆಂದು ಹೇಳುತ್ತೇನೆ. ಎಡ ಮುಂದಿನ ಚಕ್ರದ ಕೆಲಸ ಮಾಡಿದ್ದು ಅವನ ಮಗಳು. ನಿಮ್ಮ ವರದಿಯನ್ನು ಅವನು ನಂಬಿದ. ಮಗಳ ಕೈ ತಪ್ಪಿರಬೇಕೆಂದುಕೊಂಡು ಅವಳ ಬದಲು ತಾನು ಜೈಲಿಗೆ ಹೋದ. ಮಗಳೂ ನಿಮ್ಮ ವರದಿಯನ್ನು ನಂಬಿದಳು, ಅಪ್ಪನ ಮುಖ ನೋಡಲಾರದೆ ಊರು ಬಿಟ್ಟಳು. ನಾನೂ ನಂಬಿದೆ. ನಿಮ್ಮ ಆ ಒಂದು ಪುಟವನ್ನು ನಂಬಿದವರು ನಾವೆಲ್ಲ. ಅದನ್ನು ಓದದೆಯೇ ಸುಳ್ಳೆಂದು ತಿಳಿದಿದ್ದವರು ನೀವು.

ಶೂಗಳು ಶೆಡ್ಡಿನಲ್ಲಿವೆ. ಯಾರು ಬೇಕಾದರೂ ಹೋಗಿ ನೋಡಬಹುದು, ಬೀಗದ ಕೈ ಮೇಸ್ತ್ರಿಯ ಮಗಳ ಹತ್ತಿರವಿದೆ. ಅವಳು ಹಾಕಿದ್ದ ಶೂಗಳನ್ನು ಮೆರವಣಿಗೆಯ ಮುನ್ನಾದಿನದ ಪತ್ರಿಕೆಯಲ್ಲಿ ಸುತ್ತಿಡಲಾಗಿದೆ. ನಿಮ್ಮ ಅಂಕಪಟ್ಟಿ ನನ್ನ ಕೈಯಲ್ಲಿದೆ. ಕಾರಿನ ಯಜಮಾನರು ತೀರಿಕೊಂಡಿದ್ದಾರೆ, ಅವರನ್ನು ನಾನು ಏನೂ ಕೇಳಲಾರೆ. ನೀವು ಇದ್ದೀರಿ.

ನನ್ನ ತಮ್ಮನಿಗೆ ಇದರಿಂದ ಇನ್ನು ಏನೂ ಆಗಬೇಕಾಗಿಲ್ಲ. ಕೇಳುತ್ತಿರುವುದು ಇಬ್ಬರು ಹೆಂಗಸರಿಗಾಗಿ. ಒಬ್ಬಳು ತಾನು ಮಾಡದ ಕೊಲೆಯನ್ನು ಹನ್ನೊಂದು ವರ್ಷ ಹೊತ್ತವಳು. ಇನ್ನೊಬ್ಬರು ಗಂಡನ ಸಾವಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಇವತ್ತಿಗೂ ತಿಳಿಯದವರು. ಅವರಿಗೆ ಅಂಚೆಯಲ್ಲಿ ಬಂದ ಒಂದು ಸಾಲು ಸಾಲದು. ನಿಮ್ಮ ಉತ್ತರ ಇದೇ ಪತ್ರಿಕೆಯಲ್ಲಿ, ನಿಮ್ಮ ಸಹಿಯೊಂದಿಗೆ, ಊರಿಗೆಲ್ಲ ಕಾಣುವಂತೆ ಬರಬೇಕು.

ಪ್ರಶ್ನೆ ಒಂದೇ. ಭಾನುವಾರ ಬೆಳಗ್ಗೆ ಆ ಚಕ್ರದ ಮುಂದೆ ಬಗ್ಗಿ ನಿಂತು, ಕಾರ್ಖಾನೆಯ ಮುದ್ರೆ ನೋಡಿ, ಮೂಲ ಶೂಗಳೆಂದು ಹತ್ತಕ್ಕೆ ಹತ್ತು ಕೊಟ್ಟವರು ನೀವು. ಆರು ದಿನ ಕಳೆದು ಅದೇ ಶೂಗಳನ್ನು ಮೇಸ್ತ್ರಿ ಹಾಕಿದ್ದೆಂದು ಬರೆಯುವಾಗ ನಿಮಗೆ ಏನು ಗೊತ್ತಿತ್ತು? ಹೇಳಿ.

ಮೇಸ್ತ್ರಿಯ ಅಣ್ಣ